ಗಾಜಿನ ಮೇಲೆ ಹಲಾಲ್ ಅಂತ ಬರೆದಿದ್ದರೆ ಸಾಕಾ?

ಅಪ್ಪ ಅಮ್ಮ ಮೊದಲ ಸಲ ಬರ್ತಿದ್ದಾರೆ, ಹೊರಗೆ ಊಟಕ್ಕೆ ಕರ್ಕೊಂಡು ಹೋಗಬೇಕು, ಹೋಟೆಲ್ ಬಾಗಿಲಲ್ಲಿ ‘ಹಲಾಲ್’ ಅಂತ ಇದ್ದರೆ ನಂಬಬಹುದಾ ಅಂತ ಕೇಳಿದ್ದೀರಿ. ಬರೀ ಅದನ್ನೇ ನೋಡಿ ಟೇಬಲ್ ಬುಕ್ ಮಾಡಬೇಡಿ.

14 ವರ್ಷದ ಹಿಂದೆ ನಾನು ಹಾಗೇ ಮಾಡಿದ್ದೆ. ಗಾಜಿನ ಮೇಲೆ ದೊಡ್ಡ ಹಸಿರು ಸ್ಟಿಕ್ಕರ್. ಒಂಬತ್ತು ಜನ ಕೂತೆವು, ಪ್ಲೇಟೂ ಬಂತು. ಅಪ್ಪನಿಗೆ ಅನುಮಾನ. ನೀರು ತಂದ ಹುಡುಗನನ್ನು ಕೇಳು ಅಂದರು. “ಚಿಕನ್ ಹಲಾಲ್ ಸಾರ್, ಮಟನ್ ಅಲ್ಲ” ಅಂದ ಅವನು. ಅಪ್ಪ ಬೈಯಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಟ್ಟೆಯ ಅಂಚಿಗಿಟ್ಟು, ಒಂದೊಂದೇ ಬೆರಳು ಒರೆಸಿಕೊಂಡರು. ಸ್ಟಿಕ್ಕರ್ ಸುಳ್ಳೇನೂ ಹೇಳಿರಲಿಲ್ಲ, ಅರ್ಧ ಹೇಳಿತ್ತು ಅಷ್ಟೇ.

ಅದಕ್ಕೇ ಮೊದಲು ಫೋನ್ ಮಾಡಿ. ಊಟದ ಗಲಾಟೆಯ ಹೊತ್ತಲ್ಲಿ ಬೇಡ. “ನಿಮ್ಮದು ಹಲಾಲಾ?” ಅಂತ ಕೇಳಿದರೆ ಹೂಂ ಅಂದುಬಿಡುತ್ತಾರೆ. ಯಾವ ಯಾವ ಮಾಂಸ ಹಲಾಲ್, ಎಲ್ಲಿಂದ ತರಿಸುತ್ತೀರಿ, ಸರ್ಟಿಫಿಕೇಟ್ ಯಾರದ್ದು ಅಂತ ಕೇಳಿ. ಗೊತ್ತಿದ್ದವರು ತಡವರಿಸುವುದಿಲ್ಲ. ಗೋಡೆಯಲ್ಲಿ ತೂಗುಹಾಕಿದ ಸರ್ಟಿಫಿಕೇಟ್ ಎಷ್ಟೋ ಸಲ ಕೋಳಿ ಕೊಡುವ ಕಂಪನಿಯದ್ದಾಗಿರುತ್ತದೆ, ಹೋಟೆಲಿನದ್ದಲ್ಲ. ಹೆಸರು, ವಿಳಾಸ, ತಾರೀಖು ಓದಿ ನೋಡಿ.

ನೀವು ಯಾವ ದೇಶ ಅಂತ ಬರೆದಿಲ್ಲ. ಸಿಂಗಾಪುರ ಆದರೆ ತಲೆನೋವು ಕಡಿಮೆ, ಅಲ್ಲಿ ಸರ್ಟಿಫಿಕೇಟ್ ಕೊಡೋದು ಅಲ್ಲಿನ ಇಸ್ಲಾಮಿಕ್ ಧಾರ್ಮಿಕ ಮಂಡಳಿ ಮುಯಿಸ್ ಒಂದೇ. ಬ್ರಿಟನ್‌ನಲ್ಲಿ ಹಾಗಲ್ಲ, ಎಚ್‌ಎಂಸಿ, ಎಚ್‌ಎಫ್‌ಎ ಅಂತ ಸರ್ಟಿಫಿಕೇಟ್ ಕೊಡುವ ಬೇರೆ ಬೇರೆ ಸಂಸ್ಥೆಗಳಿವೆ. ಕೊಯ್ಯುವ ಮುಂಚೆ ಪ್ರಾಣಿಯ ಪ್ರಜ್ಞೆ ತಪ್ಪಿಸುವುದನ್ನು ಎಚ್‌ಎಂಸಿ ಒಪ್ಪುವುದೇ ಇಲ್ಲ. ಅದರಿಂದಲೇ ಪ್ರಾಣಿ ಸಾಯುವುದಿಲ್ಲ ಅಂತಾದರೆ ಎಚ್‌ಎಫ್‌ಎ ಒಪ್ಪುತ್ತದೆ. ಎರಡರ ಮೇಲೂ ಹಲಾಲ್ ಅಂತಲೇ ಇರುತ್ತದೆ. ನಿಮಗೆ ಪರವಾಗಿಲ್ಲ ಅನ್ನಿಸಿದ್ದು ನಿಮ್ಮಪ್ಪನಿಗೆ ಆಗದೇ ಇರಬಹುದು. ಅವರು ವಿಮಾನ ಹತ್ತುವ ಮೊದಲೇ ಕೇಳಿಟ್ಟುಕೊಳ್ಳಿ.

ಮಾಂಸ ಸರಿಯಾದರೂ ಅಡುಗೆಮನೆ ಇದೆಯಲ್ಲ! ಹಂದಿ ಮಾಂಸವನ್ನೂ ಮಾಡುವ ಜಾಗದಲ್ಲಿ ಕರಿಯುವ ಎಣ್ಣೆ ಬೇರೆನಾ ಅಂತ ಕೇಳಲೇಬೇಕು. ಒಂದೇ ಬಾಣಲೆ ಆದರೆ ಆಲೂಗಡ್ಡೆ ಫ್ರೈಸ್ ಕೂಡ ಹೋಯಿತು. ಸಾಸಿಗೆ ವೈನ್, ಪುಡ್ಡಿಂಗಿಗೆ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜೆಲಟಿನ್ ಹಾಕುತ್ತಾರೆ. ಮೀನು ತಗೊಂಡರೆ ಆಯ್ತಲ್ಲ ಅಂತ ನಾನೂ ಅಂದುಕೊಂಡಿದ್ದೆ. ಮೇಲಿನ ಹಿಟ್ಟನ್ನು ಬಿಯರ್‌ನಲ್ಲಿ ಕಲಸುತ್ತಾರೆ ಅಂತ ಆಮೇಲೆ ಗೊತ್ತಾಯಿತು!

ಇಷ್ಟೆಲ್ಲ ಕೇಳೋಕೆ ನಾಚಿಕೆ ಆಗುತ್ತದೆ, ನನಗೂ ಆಗುತ್ತಿತ್ತು. ಅಲರ್ಜಿ ಇರುವವರು ಇದಕ್ಕಿಂತ ಜಾಸ್ತಿ ಕೇಳುತ್ತಾರೆ ಬಿಡಿ. ಸಿಡುಕಿದರೆ ಬೇರೆ ಹೋಟೆಲ್ ನೋಡಿ. ನಾನಂತೂ ಹೊಸ ಜಾಗಕ್ಕೆ ಹಿಂದಿನ ದಿನವೇ ಒಬ್ಬನೇ ಹೋಗಿ, ಒಂದು ಟೀ ಕುಡಿದು, ಎಲ್ಲ ಕೇಳಿಕೊಂಡು ಬರುತ್ತೇನೆ. ಆದರೂ ಅಪ್ಪ ಬಂದಾಗ, ನೀರು ತಂದ ಹುಡುಗನನ್ನು ಇನ್ನೊಂದು ಸಲ ಕೇಳಿಸುತ್ತಾರೆ.