ಪೊಲೀಸರ ಮೇಲೇ ದೂರು ಕೊಡಬೇಕಾದರೆ ಎಲ್ಲಿಗೆ ಹೋಗಬೇಕು?

ಅದೇ ಠಾಣೆಗೆ ಹೋಗಿ ಅಲ್ಲಿನವರ ಮೇಲೆ ದೂರು ಕೊಡೋದು ಕಷ್ಟ, ಅಲ್ವಾ? ಅದಕ್ಕೆಂದೇ ‘ಪೊಲೀಸ್ ದೂರು ಪ್ರಾಧಿಕಾರ’ ಎಂಬ ವ್ಯವಸ್ಥೆ ಇದೆ.

ಇದು ಹುಟ್ಟಿದ್ದು ನ್ಯಾಯಾಲಯದಿಂದ. ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ ಹಾಕಿದ್ದ ಅರ್ಜಿಯ ಮೇಲೆ 2006ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ರಾಜ್ಯಕ್ಕೊಂದು, ಜಿಲ್ಲೆಗೊಂದು ಪ್ರಾಧಿಕಾರ ಇರಬೇಕು, ಮುಖ್ಯಸ್ಥರು ನಿವೃತ್ತ ನ್ಯಾಯಾಧೀಶರಾಗಿರಬೇಕು ಎಂದಿತು. ಡಿವೈಎಸ್‌ಪಿವರೆಗಿನವರ ಮೇಲಿನ ದೂರು ಜಿಲ್ಲೆಗೆ, ಎಸ್‌ಪಿ ಮತ್ತು ಮೇಲಿನವರದ್ದು ರಾಜ್ಯಕ್ಕೆ. ಪ್ರಾಧಿಕಾರದ ಶಿಫಾರಸನ್ನು ಇಲಾಖೆ ಪಾಲಿಸಲೇಬೇಕು ಎಂದೂ ಹೇಳಿತು. ನನ್ನ ಪ್ರಕಾರ ತೀರ್ಪಿನ ಜೀವ ಇರುವುದೇ ಈ ಮಾತಿನಲ್ಲಿ. ಪಾಲಿಸದಿದ್ದರೂ ನಡೆಯುತ್ತದೆ ಎಂದಾದರೆ ಅದು ಸುಮ್ನೆ ಒಂದು ಟಪಾಲು ಕಚೇರಿ.

ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇದನ್ನು ಸೇರಿಸಿತು. ಆದರೆ ಇದರ ಹೆಸರು ಕೇಳಿದವರೇ ಕಡಿಮೆ. ಜನ ಜಾಸ್ತಿ ಹೋಗುವುದು ಮಾನವ ಹಕ್ಕುಗಳ ಆಯೋಗಕ್ಕೆ. ಅದು ಶಿಫಾರಸು ಮಾಡಬಹುದು, ತಾನೇ ಶಿಕ್ಷೆ ಕೊಡಲಾರದು. ಲಂಚದ ವಿಷಯವಾದರೆ ಲೋಕಾಯುಕ್ತ.

ಎಫ್‌ಐಆರ್ ಹಾಕಲ್ಲ ಅಂದರೆ ದಾರಿ ಬೇರೆ. ಮೊದಲು ಎಸ್‌ಪಿಗೆ ಅಂಚೆಯಲ್ಲಿ ದೂರು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು.

ಇನ್ನೊಂದು ಮಾತು. ಠಾಣೆಗಳಲ್ಲಿ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದೆ. ದೃಶ್ಯಗಳನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷವಾದರೂ ಇಟ್ಟಿರಬೇಕು. ಹಾಗಾಗಿ ದೂರಿನಲ್ಲಿ ದಿನಾಂಕ, ಗಂಟೆ ಬರೆದು, ಆ ದೃಶ್ಯವನ್ನು ಕಾಪಾಡಿ ಎಂದು ಮೊದಲೇ ಕೇಳಿಬಿಡಿ.