ಶೇಕಡಾ ಇಪ್ಪತ್ತೋ, ಇಪ್ಪತ್ತೈದೋ?

ಪ್ರಶ್ನೆ: ಕೊಂಡ ಬೆಲೆ 360, ಲಾಭ 90. ಇದು ಶೇಕಡಾ 25 ಲಾಭ ಅನ್ನುತ್ತಾನೆ ಅಣ್ಣ. ನನಗೆ 20 ಬರುತ್ತಿದೆ. ಯಾರದು ಸರಿ ಸಾರ್? ಇನ್ನೊಂದು: ಕೊಂಡ ಬೆಲೆ ಎಷ್ಟೆಂದು ಕೊಡದೆಯೂ ಇಂಥ ಲೆಕ್ಕ ಕೇಳುತ್ತಾರಲ್ಲ, ಅದನ್ನು ಬಿಡಿಸುವುದು ಹೇಗೆ?

ಉತ್ತರ: ಇಬ್ಬರೂ ತಪ್ಪಿಲ್ಲದೆ ಭಾಗಿಸಿದ್ದೀರಿ. ಅಣ್ಣ 90ನ್ನು ಕೊಂಡ ಬೆಲೆ 360ರಿಂದ ಭಾಗಿಸಿದ, ನೀವು ಮಾರಿದ ಬೆಲೆ 450ರಿಂದ. ಅಣ್ಣನಿಗೆ ಸಿಕ್ಕಿದ್ದು ಮಾರ್ಕಪ್, ಅಂದರೆ ಕೊಂಡ ಬೆಲೆಯ ಮೇಲೆ ಏರಿಸಿದ ಪ್ರಮಾಣ. ನಿಮಗೆ ಸಿಕ್ಕಿದ್ದು ಮಾರ್ಜಿನ್, ಅಂದರೆ ಮಾರಿದ ಬೆಲೆಯಲ್ಲಿ ಲಾಭದ ಪಾಲು. ಶಾಲೆಯ ಲೆಕ್ಕದಲ್ಲಿ ಬೇರೇನೂ ಹೇಳದಿದ್ದರೆ ಲಾಭವನ್ನು ಕೊಂಡ ಬೆಲೆಯ ಮೇಲೆಯೇ ಎಣಿಸುತ್ತಾರೆ. ಪರೀಕ್ಷೆಯಲ್ಲಿ 25 ಎಂದೇ ಬರೆಯಿರಿ.

ನಿಮ್ಮ ಎರಡನೆಯ ಪ್ರಶ್ನೆ ನನಗೆ ಬಹಳ ಹಿಡಿಸಿತು. ಬೀಜಗಣಿತದ ಸೊಗಸು ಇರುವುದೇ ಅಲ್ಲಿ. ಲಾಭವು ಮಾರಿದ ಬೆಲೆಯ ಶೇಕಡಾ 20 ಎಂದಷ್ಟೇ ಗೊತ್ತು ಅಂದುಕೊಳ್ಳಿ. ಕೊಂಡ ಬೆಲೆ ಕ, ಲಾಭ ಲ ಆಗಿರಲಿ. ಮಾರಿದ ಬೆಲೆ ಕ + ಲ. ಶೇಕಡಾ 20 ಎಂದರೆ ಐದನೆಯ ಒಂದು ಭಾಗ, ಆದ್ದರಿಂದ:

5ಲ = ಕ + ಲ
4ಲ = ಕ
ಲ ÷ ಕ = 1/4

ಮಾರ್ಕಪ್ ಶೇಕಡಾ 25. ಕ ಎಷ್ಟು ಎಂದು ಎಲ್ಲೂ ಕೇಳಲೇ ಇಲ್ಲ, ನೋಡಿ! ನಮಗೆ ಬೇಕಿದ್ದದ್ದು ಲ ಮತ್ತು ಕ ನಡುವಿನ ಅನುಪಾತ ಮಾತ್ರ. ಅದು ಎರಡನೆಯ ಸಾಲಿನಲ್ಲೇ ಸಿಕ್ಕಿಬಿಟ್ಟಿತು. 5ರ ಜಾಗದಲ್ಲಿ 3 ಇಟ್ಟು ನೀವೇ ಮಾಡಿ: ಮಾರಿದ ಬೆಲೆಯ ಮೂರನೆಯ ಒಂದು ಭಾಗ ಲಾಭವಾದರೆ ಅದು ಕೊಂಡ ಬೆಲೆಯ ಅರ್ಧ, ಮಾರ್ಕಪ್ 50. ಮಾರಿದ ಬೆಲೆಯ ಅರ್ಧವೇ ಲಾಭವಾದರೆ ಮಾರ್ಕಪ್ ನೂರಕ್ಕೆ ನೂರು. ಮಾರ್ಕಪ್ ನೂರನ್ನೂ ದಾಟಬಹುದು. ಮಾರ್ಜಿನ್ ಮಾತ್ರ, ಕೊಂಡ ಬೆಲೆ ಅನ್ನುವುದೊಂದು ಇರುವ ತನಕ, ನೂರನ್ನು ಮುಟ್ಟುವುದೇ ಇಲ್ಲ.

ವ್ಯಾಪಾರ ಮಾಡುವವರು ಎಡವುವುದು ಇದರ ತಿರುವುಮುರುವಿನಲ್ಲಿ. ಮಾರಿದ ಬೆಲೆಯಲ್ಲಿ ಶೇಕಡಾ 20 ಉಳಿಯಬೇಕೆಂದು 360ನ್ನು 1.20ರಿಂದ ಗುಣಿಸಿ 432 ಎಂದು ಬೆಲೆ ಕಟ್ಟುತ್ತಾರೆ. ಲಾಭ 72, ಅದು 432ರ ಆರನೆಯ ಒಂದು ಭಾಗ, ಶೇಕಡಾ 17ಕ್ಕೂ ಕಡಿಮೆ. ಗುಣಾಕಾರ ಸರಿಯಾಗಿರುವುದರಿಂದ ಎಷ್ಟು ಸಲ ಕೂಡಿ ಕಳೆದು ನೋಡಿದರೂ ತಪ್ಪು ಕಣ್ಣಿಗೆ ಬೀಳುವುದಿಲ್ಲ. 360ನ್ನು 0.80ರಿಂದ ಭಾಗಿಸಬೇಕು, ಆಗ 450 ಬರುತ್ತದೆ.