ಅಧಿಕಾರ ದೆಹಲಿಯಿಂದ ಊರಿಗೆ ಬಂದರೆ ಲಿಬರ್ಟೇರಿಯನ್ನರಿಗೆ ಸಾಕಾ?

ಸರ್ಕಾರ ಚಿಕ್ಕದಿರಬೇಕು, ಜನರ ಬದುಕಲ್ಲಿ ಕೈ ಹಾಕಬಾರದು ಅನ್ನುವವರು ಲಿಬರ್ಟೇರಿಯನ್ನರು. ಅಧಿಕಾರ ಊರಿಗೆ ಬಂದರೆ ಅವರಿಗೆ ಅರ್ಧ ಖುಷಿ ಅಷ್ಟೇ.

ದೇಶದ ಮಟ್ಟದ ತಕರಾರು ಹಳೆಯದು. 1959ರಲ್ಲಿ ರಾಜಾಜಿ ಸ್ವತಂತ್ರ ಪಕ್ಷ ಕಟ್ಟಿದ್ದೇ ಕಾಂಗ್ರೆಸ್ ಸರ್ಕಾರದ ಪರ್ಮಿಟ್-ಲೈಸೆನ್ಸ್ ರಾಜ್, ಅಂದರೆ ಉದ್ಯಮ ನಡೆಸಲು ಹೆಜ್ಜೆಹೆಜ್ಜೆಗೂ ಸರ್ಕಾರದ ಅನುಮತಿ ಬೇಕೆನ್ನುವ ವ್ಯವಸ್ಥೆಯ ವಿರುದ್ಧ. ಅದು ಪಕ್ಕಾ ಲಿಬರ್ಟೇರಿಯನ್ ಪಕ್ಷವಲ್ಲ, ಆದರೆ ನಮ್ಮಲ್ಲಿ ಅದಕ್ಕೆ ಹತ್ತಿರದ್ದು. 1967ರಲ್ಲಿ ಲೋಕಸಭೆಯ 44 ಸ್ಥಾನ ಗೆದ್ದಿತು, ಆಮೇಲೆ ಕರಗಿಹೋಯಿತು. ಕೊನೆಗೆ 1991ರಲ್ಲಿ ಹೆಚ್ಚಿನ ಕೈಗಾರಿಕೆಗಳ ಲೈಸೆನ್ಸ್ ತೆಗೆದದ್ದು ಕಾಂಗ್ರೆಸ್ ಸರ್ಕಾರವೇ. ತಮಾಷೆ ಅಲ್ವಾ?

ಫ್ಯಾಕ್ಟರಿಯವರು ಬಚಾವಾದರು, ತಳ್ಳುಗಾಡಿಯವರು ಆಗಲಿಲ್ಲ. ಗಾಡಿ ಎತ್ತಿಕೊಂಡು ಹೋಗಲು ಪ್ರಧಾನಿ ಬರುವುದಿಲ್ಲ, ಪಾಲಿಕೆಯ ಲಾರಿ ಬರುತ್ತದೆ. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವ ತನಕ ಬೀದಿ ವ್ಯಾಪಾರಿಗಳನ್ನು ಎಬ್ಬಿಸಬಾರದು ಎಂಬ 2014ರ ಕಾಯ್ದೆ ಮಾಡಿದ್ದು ಸಂಸತ್ತು. ಅಂದರೆ ಇಲ್ಲಿ ಬಡವನನ್ನು ಊರಿನ ಅಧಿಕಾರದಿಂದ ಕಾಪಾಡಲು ದೆಹಲಿಯೇ ಬೇಕಾಯಿತು. 'ಎಲ್ಲವನ್ನೂ ಊರಿಗೆ ಬಿಡಿ' ಅನ್ನುವವರು ಈ ಮಾತು ಬಂದಾಗ ಸುಮ್ನಾಗುತ್ತಾರೆ.

ಆದರೂ ನನ್ನ ಒಲವು ಊರಿನ ಕಡೆಗೇ. ಕಾರ್ಪೊರೇಟರ್ ಮನೆ ಬಾಗಿಲಿಗೆ ಹೋಗಿ ಕೇಳಬಹುದು. ಊರೇ ಸರಿಯಿಲ್ಲದಿದ್ದರೆ ಪಕ್ಕದ ಊರಿಗೆ ಹೋಗಬಹುದು, ದೇಶ ಬಿಡುವುದು ಅಷ್ಟು ಸುಲಭವಲ್ಲ. ಆದರೆ ಕೇಳಲು ಕಾರ್ಪೊರೇಟರ್ ಇರಬೇಕಲ್ಲ! ಬೆಂಗಳೂರಿನಲ್ಲಿ 2015ರಲ್ಲಿ ಗೆದ್ದವರ ಅವಧಿ 2020ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಪಾಲಿಕೆ ನಡೆಸಿದ್ದು ರಾಜ್ಯ ಸರ್ಕಾರ ಕೂರಿಸಿದ ಅಧಿಕಾರಿಗಳು.